ಆಲ್ಬನಿಯಿಂದ ಅಕ್ಕನಿಗೆ

ಆಲ್ಬನಿ, ನ್ಯೂಯಾರ್ಕ್ ರಾಜ್ಯ
ಮಾರ್ಚ್ 16

ಪ್ರೀತಿಯ ಅಕ್ಕನಿಗೆ,

ಸೋಮವಾರಪೇಟೆಯಲ್ಲಿ ಹೂಮಳೆ ಚೆನ್ನಾಗಿ ಬಂತೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಎರಡು ದಿನದಿಂದ ಕಾಫಿ ಹೂವಿನ ಘಮ ನೆನಪಾಗಿ ಊಟವೇ ಸೇರುತ್ತಿಲ್ಲ. ಇಲ್ಲಿ ಇನ್ನೂ ಹಿಮ ಕರಗಿಲ್ಲ.

ನಿನ್ನ ವಿಷಯವನ್ನೂ ಅಮ್ಮನೇ ಹೇಳಿದ್ದು. ಕಲಾಸಂಘದ ಅಧ್ಯಕ್ಷೆಯಾಗು ಅಂತ ಎಲ್ಲರೂ ಕೇಳಿಕೊಂಡರೂ 'ಬಣ್ಣ ಹಚ್ಚುವವಳಿಗೆ ಲೆಕ್ಕಪತ್ರ, ಸಭೆ ಎಲ್ಲ ಯಾಕೆ' ಅಂದೆಯಂತೆ. ಆ ಮಾತು ನಿನ್ನದಲ್ಲ ಅಕ್ಕಾ, ಯಾರೋ ನಿನ್ನ ಕಿವಿಗೆ ಹಾಕಿದ್ದು. ಅದಕ್ಕೇ ಕಾಗದ ಬರೆಯಲು ಕೂತೆ.

ಹೋದ ಶನಿವಾರ 'ದಿ ಎಗ್' ಅನ್ನುವ ರಂಗಮಂದಿರಕ್ಕೆ ನೃತ್ಯ ನೋಡಲು ಹೋಗಿದ್ದೆ. 1978ರಲ್ಲಿ ತೆರೆದದ್ದು. ಹೆಸರಿಗೆ ತಕ್ಕಂತೆ ಮೊಟ್ಟೆಯನ್ನು ಅರ್ಧಕ್ಕೆ ಕೊಯ್ದು ಇಟ್ಟ ಹಾಗಿದೆ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಪುಟ್ಟ ಟಾರ್ಚ್ ಹಿಡಿದು, ನನ್ನ ಟಿಕೆಟಿನ ಮೇಲೆ ಬೆಳಕು ಬಿಟ್ಟು, ಮೊಣಕೈ ಹಿಡಿದು ಸೀಟಿನ ತನಕ ಕರೆದುಕೊಂಡು ಹೋದರು. ಅಲ್ಲಿನ ದೊಡ್ಡ ಸಭಾಂಗಣಕ್ಕೆ ಕಿಟ್ಟಿ ಕಾರ್ಲೈಲ್ ಹಾರ್ಟ್ ಅವರ ಹೆಸರು. ಯಾರು ಇವರು ಅಂತ ಕೇಳಿದೆ. 'ನಟಿ' ಅಂದರು. ಒಂದು ಕ್ಷಣ ತಡೆದು, 'ಈ ಊರಿಗೆ ಬಂದು ನಮ್ಮ ಪರವಾಗಿ ದುಡ್ಡು ಕೇಳುತ್ತಿದ್ದವರು' ಅಂದರು. ಆಮೇಲೆ ಮನೆಗೆ ಬಂದು ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಹುಟ್ಟಿದ್ದು 1910ರ ಸೆಪ್ಟೆಂಬರ್ 3ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ. ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬದ ದಿನ! ಹತ್ತು ವರ್ಷಕ್ಕೆ ಅಪ್ಪ ತೀರಿಕೊಂಡರು. ತಾಯಿ ಮಗಳನ್ನು ಯುರೋಪಿಗೆ ಕರೆದೊಯ್ದು ಓದಿಸಿದಳು, ರಾಜಮನೆತನದ ಗಂಡು ಸಿಕ್ಕಲಿ ಅನ್ನುವ ಆಸೆಯಿಂದ. ಮಗಳು ಹಿಡಿದದ್ದು ರಂಗಭೂಮಿಯನ್ನು. 1935ರಲ್ಲಿ ಹಾಸ್ಯನಟರಾದ ಮಾರ್ಕ್ಸ್ ಸಹೋದರರ 'ಎ ನೈಟ್ ಅಟ್ ದಿ ಓಪೆರಾ' ಸಿನಿಮಾದಲ್ಲಿ ನಾಯಕಿ. ಬೇರೊಬ್ಬರ ದನಿಗೆ ತುಟಿ ಆಡಿಸಿದರೆ ಸಾಕು ಅಂದಾಗ ಆಕೆ ಒಪ್ಪಲಿಲ್ಲ. ಹಟ ಹಿಡಿದು ತನ್ನ ದನಿಯಲ್ಲೇ ಹಾಡಿದರು. ಇದನ್ನು ಓದುವಾಗ ನೀನೇ ಕಣ್ಣ ಮುಂದೆ ಬಂದೆ.

ಮದುವೆ, ಇಬ್ಬರು ಮಕ್ಕಳು. 1961ರಲ್ಲಿ ಗಂಡ, ನಾಟಕಕಾರ ಮಾಸ್ ಹಾರ್ಟ್, ತೀರಿಕೊಂಡರು. ಅಷ್ಟಕ್ಕೇ ಮನೆಯಲ್ಲಿ ಕೂರಲಿಲ್ಲ. 1966ರಲ್ಲಿ ನ್ಯೂಯಾರ್ಕ್ ನಗರದ ಹೆಸರಾಂತ ಸಂಗೀತನಾಟಕ ಸಂಸ್ಥೆ ಮೆಟ್ರೊಪಾಲಿಟನ್ ಓಪೆರಾದಲ್ಲಿ ಮೊದಲ ಸಲ ಹಾಡಿದರು, ಐವತ್ತಾರನೇ ವಯಸ್ಸಿನಲ್ಲಿ. ಈ ರಾಜ್ಯದ ಗವರ್ನರ್ ಆಗಿದ್ದ ರಾಕ್‌ಫೆಲ್ಲರ್ ಅವರಿಗೆ ಹೆಣ್ಣುಮಕ್ಕಳ ಅವಕಾಶಗಳ ಬಗ್ಗೆ ಸಲಹೆಗಾರರೂ ಆಗಿದ್ದರು.

1976ರಿಂದ 1996ರವರೆಗೆ, ಇಪ್ಪತ್ತು ವರ್ಷ, ನ್ಯೂಯಾರ್ಕ್ ರಾಜ್ಯ ಕಲಾ ಮಂಡಳಿಯ ಅಧ್ಯಕ್ಷತೆ! ಶುರುವಾದದ್ದು ಎಂಥ ಹೊತ್ತಿನಲ್ಲಿ ನೋಡು. ಅದರ ಹಿಂದಿನ ವರ್ಷವೇ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಅಂಥ ಕಾಲದಲ್ಲಿ ರಾಜ್ಯದ ರಾಜಧಾನಿಯಾದ ಈ ಆಲ್ಬನಿಗೆ ಬಂದು, ಶಾಸಕರ ಮುಂದೆ ಕೂತು ಕುಣಿತಕ್ಕೆ, ನಾಟಕಕ್ಕೆ, ವಸ್ತುಸಂಗ್ರಹಾಲಯಕ್ಕೆ ಹಣ ಕೊಡಿ ಅಂತ ಕೇಳಬೇಕು. ಈ ರಾಜ್ಯದಲ್ಲಿ 62 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ದೊಡ್ಡ ನಗರಕ್ಕಷ್ಟೇ ಅಲ್ಲ, ಮೂಲೆಯ ಸಣ್ಣ ಊರಿನ ತಂಡಕ್ಕೂ ಪಾಲು ಸಿಗಬೇಕಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಶಾಂತಳ್ಳಿಯ ಮಳೆಯಲ್ಲಿ ಅಭ್ಯಾಸ ಮಾಡುವ ನಮ್ಮ ಹುಡುಗರ ಪರವಾಗಿ ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ಮಾತಾಡುವವರು ಯಾರಿದ್ದಾರೆ? ಹೋದ ವರ್ಷ ನಮ್ಮ ಅರ್ಜಿ ಒಂದು ಕಚೇರಿಯಿಂದ ವಾಪಸ್ ಬಂತು, ಒಂದು ಸಹಿ ಇಲ್ಲ ಅಂತ. ಆ ಸಹಿ ನಿನ್ನದಾಗಿದ್ದರೆ ಮರೆಯುತ್ತಿರಲಿಲ್ಲ.

1991ರಲ್ಲಿ ಅವರಿಗೆ ರಾಷ್ಟ್ರೀಯ ಕಲಾ ಪದಕ ಬಂತು. 2007ರಲ್ಲಿ, 96ನೇ ವಯಸ್ಸಿನಲ್ಲಿ, ಹೋದರು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಹಾಡುತ್ತಿದ್ದರು. ಅಧಿಕಾರ ಬಂತೆಂದು ಹಾಡು ಬಿಡಬೇಕಾಗಲಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನೀನು ಪರಿಹಾರ ಕೇಂದ್ರದಲ್ಲಿ ಮಕ್ಕಳನ್ನು ಕೂಡಿಸಿಕೊಂಡು, ಒದ್ದೆ ಕಂಬಳಿಯನ್ನೇ ಪರದೆ ಮಾಡಿ ನಾಟಕ ಆಡಿಸಿದೆ. ಯಾರಿಗೆ ಹಾಲು, ಯಾರಿಗೆ ಔಷಧಿ ಅಂತ ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಆ ಪುಟ ನಾನು ನೋಡಿದ್ದೇನೆ. ಒಂದು ರೂಪಾಯಿಯೂ ತಪ್ಪಿರಲಿಲ್ಲ.

ಸಂಘದ ಪರದೆಗೆ ಬೂಷ್ಟು ಹಿಡಿದಿದೆ ಅಂತ ಅಮ್ಮ ಹೇಳಿದಳು. ಹೊಸದಕ್ಕೆ ನನ್ನ ಪಾಲಿನ ಹಣ ಈ ತಿಂಗಳೇ ಕಳಿಸುತ್ತೇನೆ, ನಿನ್ನ ಕೈಗಲ್ಲ, ಸಂಘದ ಖಾತೆಗೆ. ರಸೀದಿ ಹರಿದು ಫೋಟೊ ಕಳಿಸು. ಅಧ್ಯಕ್ಷರು ಅನ್ನುವ ಪದದ ಮೇಲೆ ನಿನ್ನ ಸಹಿ ಇರಲಿ.

ಅಪ್ಪನ ಕೆಮ್ಮು ಹೇಗಿದೆ? ಮುಂದಿನ ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಪ್ರೀತಿಯ ತಂಗಿ