ಹೊಟ್ಟೆ ಕೊಯ್ಸಿಕೊಂಡ ಬಾಣಂತಿಗೆ ದೊಡ್ಡವ್ವನ ಪತ್ರ

ಧಾರವಾಡ

ಪ್ರೀತಿಯ ಸುಮಾಗೆ ದೊಡ್ಡವ್ವನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. "ಆರಾಮ ಅದೀನಿ ದೊಡ್ಡವ್ವಾ" ಅಂದೆ. ಆದರೆ ನಡುನಡುವೆ ಉಸಿರು ಹಿಡಿದು ಮಾತಾಡುತ್ತಿದ್ದೆ. ಆ ಉಸಿರು ನನಗೆ ಗೊತ್ತು, ಹೊಲಿಗೆ ಜಗ್ಗಿದಾಗ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಸಿಜೇರಿಯನ್ ಆದವಳು ಇಷ್ಟು ದಿನ ನಾನೊಬ್ಬಳೇ ಇದ್ದೆ. ನಿಮ್ಮವ್ವನಿಗೆ ಎರಡೂ ನಾರ್ಮಲ್. ಬಾಣಂತನ ಮಾಡುವುದು ಅಂದರೆ ಅವಳೇ ಸೈ, ಗದಗಿನಲ್ಲಿ ನಿಮ್ಮ ಓಣಿಯವರೆಲ್ಲ ಅವಳನ್ನೇ ಕೇಳುತ್ತಾರೆ. ಆದರೆ ಹೊಟ್ಟೆ ಮೇಲೆ ಹೊಲಿಗೆ ಇಟ್ಟುಕೊಂಡು ಮಗ್ಗುಲು ಹೊರಳುವುದು ಹೇಗೆ ಅಂತ ಅವಳಿಗೆ ಗೊತ್ತಿಲ್ಲ, ಅದು ಅವಳ ತಪ್ಪೂ ಅಲ್ಲ. ಮೊಣಕಾಲು ನೆಟ್ಟಗಿದ್ದಿದ್ದರೆ ನಾನೇ ಬಸ್ಸು ಹತ್ತಿ ಬರುತ್ತಿದ್ದೆ. ಈಗ ಬರೆಯುತ್ತಿದ್ದೇನೆ. ಕೂಸು ಮಲಗಿದಾಗ ಓದು, ಆಮೇಲೆ ಅವ್ವನಿಗೂ ಓದಿ ಹೇಳು.

ಮೊದಲು ಒಂದು ಮಾತು. ಕೂಸು ನೋಡಲು ಬರುವವರು "ನಿನಗೇನವ್ವಾ, ಬ್ಯಾನಿ ತಿನ್ನಲಾರದ ಹಡದಿ" ಅಂತಾರೆ. ನನಗೂ ಅಂದಿದ್ದರು, ಮೂವತ್ತು ವರ್ಷದ ಹತ್ತಿರ ಆಯಿತು, ಇನ್ನೂ ಮರೆತಿಲ್ಲ. ಆ ಮಾತು ಕೇಳಿ ಕೇಳಿ ನನಗೇ ನೋವಾಗುತ್ತಿದೆ ಅನ್ನಲು ನಾಚಿಕೆ ಆಗುತ್ತಿತ್ತು. ನೀನು ಹಾಗೆ ಮಾಡಬೇಡ. ನಿನಗೆ ಕಾಣುವುದು ಕೆಳಹೊಟ್ಟೆಯ ಮೇಲಿನ ಗೇಣುದ್ದದ ಗೆರೆ ಅಷ್ಟೇ. ಅದರ ಕೆಳಗೆ ಕೊಬ್ಬಿನ ಪದರ, ಅದರಡಿ ಗಟ್ಟಿ ಪೊರೆ, ಆಮೇಲೆ ಹೊಟ್ಟೆಯ ಸ್ನಾಯು ಅತ್ತಿತ್ತ ಸರಿಸಿ, ಒಳಪೊರೆ ಬಿಡಿಸಿ, ಕೊನೆಗೆ ಗರ್ಭಕೋಶ ಕೊಯ್ದು ಕೂಸು ತೆಗೆದಿರುತ್ತಾರೆ, ತಿರುಗಿ ಒಂದೊಂದೇ ಪದರ ಹೊಲಿದಿರುತ್ತಾರೆ. ಮೇಲಿನ ಚರ್ಮ ಎರಡು ವಾರಕ್ಕೆ ಕೂಡಿದಂತೆ ಕಾಣುತ್ತದೆ. ಒಳಗಿನದು ಕೂಡಲು ಆರು ವಾರ ಬೇಕು, ಪೂರ್ತಿ ಬಲ ಬರಲು ಅದಕ್ಕಿಂತ ಜಾಸ್ತಿಯೇ ಬೇಕು. ನೀನು ಹೆರಿಗೆಯನ್ನೂ ಆಗಿದ್ದೀ, ದೊಡ್ಡ ಆಪರೇಷನ್ನನ್ನೂ ಆಗಿದ್ದೀ. ಎರಡಕ್ಕೂ ಆರೈಕೆ ಬೇಕು.

ನನ್ನ ಕತೆ ನಿನಗೆ ಅರ್ಧ ಮಾತ್ರ ಗೊತ್ತು. ಧಾರವಾಡದಲ್ಲಿ ಆಗಲೂ ನಳದ ನೀರು ವಾರಕ್ಕೊಮ್ಮೆ, ಅದೂ ಯಾವಾಗ ಬಂದರೆ ಆವಾಗ. ನನಗೆ ಹನ್ನೊಂದನೇ ದಿನ. ನಸುಕಿನಲ್ಲಿ ನೀರು ಬಂತು, ಮನೆಯಲ್ಲಿ ಎಲ್ಲರೂ ಓಡಾಡುತ್ತಿದ್ದರು, ಹಂಡೆ, ಬಕೀಟು, ಪಾತೇಲಿ ಅಂತ. ನಾನು ಒಳಗೆ ಮಲಗಿ ಕೇಳುತ್ತಿದ್ದೆ. ಒಂದು ಕೊಡ ತುಂಬಿ ಹೊರಗೆ ಚೆಲ್ಲುತ್ತಿರುವ ಸಪ್ಪಳ. ಯಾರೂ ಎತ್ತುತ್ತಿಲ್ಲ. ವಾರಕ್ಕೊಮ್ಮೆ ಬರುವ ನೀರು ಹಾಗೆ ಹರಿದು ಹೋಗುವುದನ್ನು ಕೇಳುತ್ತಾ ಮಲಗುವುದು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಎತ್ತಿದೆ. ಎತ್ತುವಾಗ ಏನೂ ಆಗಲಿಲ್ಲ, ಒಂದು ಸಲ ಚುರ್ರ್ ಅಂತು, ಅಷ್ಟೇ. ಮಧ್ಯಾಹ್ನ ಲಂಗದ ಲಾಡಿ ಒದ್ದೆ ಅನ್ನಿಸಿತು. ನೋಡಿದರೆ ಹೊಲಿಗೆಯ ಒಂದು ಮೂಲೆ ಬಾಯಿ ಬಿಟ್ಟಿದೆ, ತಿಳಿಯಾದ ಕೆಂಪು ನೀರು ಸೋರುತ್ತಿದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಬೈತಾರೆ ಅಂತ. ಅರಿಷಿನ ಹಚ್ಚಿ, ಬಟ್ಟೆ ಇಟ್ಟು ಸುಮ್ಮನಾದೆ. ಮೂರನೇ ದಿನ ಜ್ವರ ಬಂತು, ಕೀವಾಯಿತು. ಆಮೇಲೆ ಇಪ್ಪತ್ತು ದಿನ ದಿನಾ ಡ್ರೆಸ್ಸಿಂಗ್. ಆ ಬ್ಯಾಂಡೇಜು ತೆಗೆಯುವ ಹೊತ್ತು ಈಗಲೂ ನೆನಪಾಗುತ್ತದೆ. ಕೊಡ ಎತ್ತಿದ್ದು ಒಂದು ತಪ್ಪು, ಮುಚ್ಚಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು.

ಹಾಗಾಗಿ ಸುಮಾ, ಆರು ವಾರ ನಿನ್ನ ಕೂಸಿಗಿಂತ ಭಾರದ್ದು ಏನೂ ಎತ್ತಬೇಡ. ಕೊಡ ಬೇಡ, ಒದ್ದೆ ಬಟ್ಟೆಯ ಬಕೀಟು ಬೇಡ, ಗ್ಯಾಸ್ ಸಿಲಿಂಡರ್ ಜರುಗಿಸುವುದಂತೂ ಬೇಡವೇ ಬೇಡ. ನೀರು ಹರಿದು ಹೋದರೆ ಹೋಗಲಿ. ಲಂಗ, ಚೂಡಿದಾರದ ಲಾಡಿ ಸರಿಯಾಗಿ ಗಾಯದ ಮೇಲೆಯೇ ಕೂಡುತ್ತದೆ, ಸದ್ಯಕ್ಕೆ ಸಡಿಲು ನೈಟಿ ಹಾಕಿಕೋ.

ಹಾಸಿಗೆಯಿಂದ ನೆಟ್ಟಗೆ ಮೇಲೇಳಲು ಹೋಗಬೇಡ. ಮೊದಲು ಮೊಣಕಾಲು ಮಡಿಚು, ಒಂದು ಮಗ್ಗುಲಿಗೆ ಪೂರ್ತಿ ಹೊರಳು, ಕಾಲು ಕೆಳಗೆ ಬಿಡು, ಆಮೇಲೆ ಕೈ ಊರಿ ಏಳು. ಕೆಮ್ಮು, ಸೀನು, ನಗು ಬಂದರೆ ಒಂದು ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಒತ್ತಿ ಹಿಡಿ. ನಾನು ಹಳೇ ಕೌದಿ ಮಡಚಿ ಇಟ್ಟುಕೊಂಡಿದ್ದೆ, ಅದು ದಿಂಬಿಗಿಂತ ಚೆನ್ನಾಗಿ ಒತ್ತುತ್ತದೆ. ನೆಲದ ಮೇಲಿನ ಹಾಸಿಗೆ ಬೇಡ, ಮಂಚದ ಮೇಲೇ ಮಲಗು. ನಿಮ್ಮ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂಡುವ ಸಂಡಾಸ ಅಲ್ವಾ, ಅದರ ಮೇಲಿಡುವ ಕುರ್ಚಿ ಸಿಗುತ್ತದೆ, ನಿಮ್ಮಪ್ಪನಿಗೆ ಹೇಳಿ ಇವತ್ತೇ ತರಿಸು. ಹಾಗಂತ ಮಲಗಿಯೇ ಇರಬೇಡ. ಮನೆಯೊಳಗೆ ದಿನಕ್ಕೆ ನಾಲ್ಕೈದು ಸಲ ಅಡ್ಡಾಡು. ಅಡ್ಡಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ, ಹೊಟ್ಟೆಯ ಗಾಳಿ ಹೊರಗೆ ಹೋಗುತ್ತದೆ. ಹೆಗಲು ಚುಚ್ಚುತ್ತದೆ ಅಂದೆಯಲ್ಲ, ಆಪರೇಷನ್ ಆದ ಹೊಸದರಲ್ಲಿ ಒಳಗಿನ ಗಾಳಿಯಿಂದ ಹಾಗೆ ಆಗುವುದುಂಟು, ದಿನದಿನಕ್ಕೆ ಕಡಿಮೆ ಆಗುತ್ತದೆ. ಆದರೆ ಅದರ ಜೊತೆ ಎದೆ ಹಿಡಿದಂತಾದರೆ, ದಮ್ಮು ಹತ್ತಿದರೆ ಗಾಳಿ ಅಂದುಕೊಂಡು ಕೂಡಬೇಡ, ದವಾಖಾನೆಗೆ ಹೋಗು.

ಹೊಟ್ಟೆ ಕೊಯ್ದು ತೆಗೆದರೂ ಕೆಳಗೆ ರಕ್ತ ಹೋಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ನಾಲ್ಕರಿಂದ ಆರು ವಾರ. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಹಳದಿ ಬಿಳುಪು. ಮೊಲೆ ಕುಡಿಸುವಾಗ ಕೆಳಹೊಟ್ಟೆ ಹಿಂಡಿದಂತಾಗುತ್ತದೆ. ಗರ್ಭಕೋಶ ಕುಗ್ಗುತ್ತಿರುತ್ತದೆ, ಅದಕ್ಕೆ.

ಈಗ ನಿಮ್ಮವ್ವನಿಗೆ ಹೇಳುವ ಮಾತು. ನೀರು ಎರೆಯುವುದು, ಶೇಕ ಕೊಡುವುದು, ಹೊಟ್ಟೆ ಕಟ್ಟುವುದು. ತಂಗೀ, ನಿನ್ನ ಪ್ರೀತಿ ನನಗೆ ಗೊತ್ತಿದೆ, ಸಿಟ್ಟಾಗಬೇಡ. ಗಾಯದ ಸುತ್ತ ಚರ್ಮಕ್ಕೆ ಈಗ ಜೋಮು ಹಿಡಿದಿರುತ್ತದೆ, ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಕೆಂಡದ ಶೇಕ, ಸುಡುಸುಡು ನೀರಿನ ಶೇಕ ಅಲ್ಲಿ ಕೊಟ್ಟರೆ ಸುಟ್ಟಿದ್ದು ಅವಳಿಗೇ ತಿಳಿಯುವುದಿಲ್ಲ. ಬೆನ್ನಿಗೆ, ಕಾಲಿಗೆ ಉಗುರುಬೆಚ್ಚಗೆ ಎಣ್ಣೆ ಹಚ್ಚು, ಹೊಟ್ಟೆ ತಿಕ್ಕಬೇಡ. ಚರಿಗೆಯಿಂದ ಹೊಟ್ಟೆಗೆ ನೀರು ಹೊಡೆಯಬೇಡ, ಮೇಲಿನಿಂದ ಹರಿಯಲಿ, ಆಮೇಲೆ ಹಗುರಾಗಿ ಒತ್ತಿ ಒರೆಸು. ಗಾಯದ ಮೇಲೆ ಅರಿಷಿನ, ಎಣ್ಣೆ, ಪುಡಿ ಯಾವುದೂ ಬೇಡ. ಹೊಟ್ಟೆ ಕಟ್ಟಿದರೆ ನಡೆಯುವಾಗ ಆಧಾರ ಅನ್ನಿಸುತ್ತದೆ ನಿಜ, ಆದರೆ ಡಾಕ್ಟರನ್ನು ಕೇಳಿ ಸಡಿಲಾಗಿ ಕಟ್ಟು, ಸೀರೆ ಬಿಗಿದು ಕಟ್ಟಿದರೆ ಗಾಯ ಬೆವರಿ ಕೊಳೆಯುತ್ತದೆ. ಮತ್ತೆ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ಬಾಗಿಲು ಕಿಟಕಿ ಮುಚ್ಚುವುದು ಪೂರ್ತಿ ಬಿಡು. ಆ ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೇ ಇಲ್ಲ. ತಾಯಿ ಮಗು ಇಬ್ಬರೂ ಮಲಗಿದಲ್ಲೇ ಎಚ್ಚರ ತಪ್ಪಬಹುದು.

ಊಟದ ವಿಷಯದಲ್ಲಿ ನಮ್ಮ ಕಡೆ ಬಾಣಂತಿಗೆ ಕೊಡುವುದು ಬಹಳಷ್ಟು ಒಳ್ಳೆಯದೇ. ಮೆತ್ತಗಿನ ಜೋಳದ ರೊಟ್ಟಿ, ಸಬ್ಬಸಿಗೆ ಪಲ್ಯ, ಮೆಂತ್ಯ, ಬೆಳ್ಳುಳ್ಳಿ, ಆಳ್ವಿ ಪಾಯಸ, ಎಲ್ಲ ತಿನ್ನು. ಬಿಡಿಸುವುದರಲ್ಲಿ ತಪ್ಪಾಗುತ್ತದೆ. ಬೇಳೆ ತಿಂದರೆ ಕೀವಾಗುತ್ತದೆ ಅಂತಾರೆ, ಸುಳ್ಳು. ಗಾಯ ಕೂಡಲು ಬೇಳೆ, ಕಾಳು, ಹಾಲು, ಮೊಸರು ಬೇಕೇ ಬೇಕು, ನೀವು ತಿನ್ನುವವರಾದರೆ ತತ್ತಿಯೂ ಆಗಬಹುದು. ನೀರು ಕುಡಿದರೆ ಹೊಟ್ಟೆ ಬರುತ್ತದೆ ಅಂತ ಲೋಟ ಅಳೆದು ಕೊಡುತ್ತಾರೆ. ಹಾಗೆ ಮಾಡಿದರೆ ಸಂಡಾಸ ಗಟ್ಟಿಯಾಗಿ, ಮುಕ್ಕಿದಾಗ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬರುತ್ತದೆ. ಮೊಲೆ ಕುಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ತಂಬಿಗೆ ನೀರು ಇರಲಿ. ಕಬ್ಬಿಣದ ಗುಳಿಗೆಯನ್ನು ಹೆರಿಗೆ ಆದ ಮೇಲೂ 180 ದಿನ ತಗೋಬೇಕು, ಸುಣ್ಣದ (ಕ್ಯಾಲ್ಸಿಯಂ) ಗುಳಿಗೆಯೂ ಅಷ್ಟೇ. ಎರಡನ್ನೂ ಒಂದೇ ಹೊತ್ತಿಗೆ ನುಂಗಬೇಡ. ನೋವಿನ ಗುಳಿಗೆ ಹಾಲಿಗೆ ಇಳಿಯುತ್ತದೆ ಅಂತ ಹೆದರಿ ನೋವು ಸಹಿಸಬೇಡ, ನೀನು ಹಾಲು ಕುಡಿಸುವುದು ನೋಡಿಯೇ ಡಾಕ್ಟರು ಬರೆದಿರುತ್ತಾರೆ. ನೋವಿದ್ದರೆ ಕೂಡಲಾಗುವುದಿಲ್ಲ, ಕೂಡದಿದ್ದರೆ ಕುಡಿಸಲಾಗುವುದಿಲ್ಲ.

ಹಾಲು ತಡವಾಗಿ ಬಂತು ಅಂತ ನೀನು ಅತ್ತಿದ್ದೆಯಂತೆ. ಸಿಜೇರಿಯನ್ ಆದವರಿಗೆ ಒಂದೆರಡು ದಿನ ತಡ ಆಗುವುದು ಸಾಮಾನ್ಯ. ಮೊದಲ ಹಳದಿ ಹಾಲನ್ನು ಕೂಸಿಗೆ ಕುಡಿಸಿದೆಯಲ್ಲ, ಅಷ್ಟು ಸಾಕಿತ್ತು. ಈಗ ಎಷ್ಟು ಸಲ ಕುಡಿಸುತ್ತೀಯೋ ಅಷ್ಟು ಬರುತ್ತದೆ. ತೊಡೆ ಮೇಲೆ ಹಾಕಿಕೊಂಡರೆ ಕೂಸಿನ ಕಾಲು ಗಾಯಕ್ಕೆ ಒದೆಯುತ್ತದೆ. ಅದಕ್ಕೆ ಮಗ್ಗುಲಾಗಿ ಮಲಗಿ ಕುಡಿಸು, ಇಲ್ಲವೇ ಪಕ್ಕದಲ್ಲಿ ದಿಂಬಿಟ್ಟು, ಕೂಸನ್ನು ಕಂಕುಳಲ್ಲಿ ಹಿಡಿದು, ಕಾಲು ನಿನ್ನ ಬೆನ್ನ ಕಡೆ ಬರುವ ಹಾಗೆ. ಕುಡಿಸುತ್ತಾ ನಿದ್ದೆ ಬಂದರೆ ಅವ್ವನನ್ನು ಎಬ್ಬಿಸು, ಕೂಸನ್ನು ತೊಟ್ಟಿಲಿಗೆ ಹಾಕಲಿ. ಯಾರಾದರೂ ಜೇನುತುಪ್ಪ ನೆಕ್ಕಿಸಲು, ಸಕ್ಕರೆ ನೀರು ಹಾಕಲು ಬಂದರೆ ದೊಡ್ಡವ್ವ ಬೇಡ ಅಂದಿದ್ದಾಳೆ ಅಂತ ನನ್ನ ಹೆಸರು ಹೇಳು. ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ.

ಬೆನ್ನಿಗೆ ಸೂಜಿ ಚುಚ್ಚಿದ್ದರಿಂದ ಜೀವನವಿಡೀ ಬೆನ್ನುನೋವು ಅಂತ ಎಲ್ಲರೂ ಹೆದರಿಸುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ ಅಷ್ಟೇ. ಮುಂದೆ ಬರುವ ಬೆನ್ನುನೋವು ಹೆಚ್ಚಾಗಿ ಬಾಗಿ ಬಾಗಿ ಕುಡಿಸುವುದರಿಂದ, ಹೊಟ್ಟೆಯ ಸ್ನಾಯು ಸಡಿಲಾಗಿದ್ದರಿಂದ ಬರುತ್ತದೆ. ಗೋಡೆಗೆ ಒರಗಿ ಕೂಡು. ಆದರೆ ಎದ್ದು ಕೂತಾಗ ತಲೆ ಸಿಡಿದು, ಮಲಗಿದರೆ ಕಡಿಮೆ ಆಗುವ ತಲೆನೋವು ಬಂದರೆ ಅದು ಆ ಸೂಜಿಯಿಂದ ಆಗಿರಬಹುದು. ಡಾಕ್ಟರಿಗೆ ಹೇಳು, ಅದಕ್ಕೆ ಔಷಧ ಇದೆ.

ಇವುಗಳಿಗೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡ: ಜ್ವರ 100.4 ಡಿಗ್ರಿ ದಾಟಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಸೋರಿದರೆ, ನಾತ ಬಂದರೆ, ಒಂದು ತಾಸಿಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ಒಂದೇ ಮೀನಖಂಡ ಬಾತು ನೋಯುತ್ತಿದ್ದರೆ, ದಮ್ಮು ಹತ್ತಿದರೆ, ಜೋರು ತಲೆನೋವಿನ ಜೊತೆ ಕಣ್ಣು ಮಂಜಾದರೆ. ಗಾಡಿಗೆ ಹುಡುಕಾಡಬೇಡಿ, 108ಕ್ಕೆ ಫೋನ್ ಮಾಡಿ. ಒಳಗೇ ಇಟ್ಟುಕೊಳ್ಳಬೇಡ ಸುಮಾ. ನಾನು ಇಟ್ಟುಕೊಂಡು ಅನುಭವಿಸಿದ್ದೇನೆ.

ಮನಸ್ಸಿನದೂ ಒಂದು ಮಾತಿದೆ. ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುತ್ತದೆ, ಬರಲಿ, ಅತ್ತುಬಿಡು. ನನ್ನ ಕೈಲಿ ನಾರ್ಮಲ್ ಆಗಲಿಲ್ಲವಲ್ಲ ಅಂತ ಕೊರಗಬೇಡ. ಕೂಸಿನ ಎದೆಬಡಿತ ಇಳಿಯುತ್ತಿತ್ತು, ಕೊಯ್ದರು, ಕೂಸು ಉಳಿಯಿತು. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸು ಮಲಗಿದರೂ ನಿನಗೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಕೂಸಿನ ಬಗ್ಗೆ ಕೆಟ್ಟ ಯೋಚನೆ ಬಂದರೆ, ಅದು ಕಾಯಿಲೆ, ಅದಕ್ಕೂ ಔಷಧ ಇದೆ. ಸರ್ಕಾರದ ಟೆಲಿ-ಮಾನಸ್ ನಂಬರ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮನಸ್ಸಿನ ಕಾಯಿಲೆ ನೋಡುವ ಸರ್ಕಾರಿ ದವಾಖಾನೆ. ಆ ಹೆಸರು ಹೇಳಿದರೆ ನಮ್ಮ ಜನ ಮುಖ ತಿರುಗಿಸುತ್ತಾರೆ, ತಿರುಗಿಸಲಿ. ನಾನೇ ನಿನ್ನ ಜೊತೆ ಬಂದು ಪಾಳಿ ಹಚ್ಚಿ ನಿಲ್ಲುತ್ತೇನೆ.

ಆರನೇ ವಾರಕ್ಕೆ ಹುಬ್ಬಳ್ಳಿಗೆ ತೋರಿಸಲು ಹೋಗುವಾಗ ಕಾರಿನಲ್ಲಿ ಹೊಟ್ಟೆಗೆ ದಿಂಬು ಇಟ್ಟುಕೋ, ರೋಡ್ ಹಂಪಿನಲ್ಲಿ ನಿಧಾನ ಹೊಡೆಯಲು ಹೇಳು. ಅಳಿಯಂದಿರನ್ನೂ ಒಳಗೆ ಕರೆದುಕೊಂಡು ಹೋಗು. ಯಾವಾಗಿಂದ ಕೂಡಿ ಮಲಗಬಹುದು, ಮುಂದೆ ಏನು ಸಾಧನ ಬಳಸಬೇಕು, ಎಲ್ಲ ಇಬ್ಬರೂ ಕೂತು ಕೇಳಿ. ಹಾಲು ಕುಡಿಸುವಾಗ ಬಸಿರಾಗುವುದಿಲ್ಲ ಅಂತ ನಂಬಿ ಕೂಡಬೇಡಿ. ಕೊಯ್ದ ಗರ್ಭಕೋಶಕ್ಕೆ ಮತ್ತೊಂದು ಬಸಿರಿಗೆ ಮುಂಚೆ ಎರಡು ವರ್ಷವಾದರೂ ಬಿಡುವು ಬೇಕು. ಆಪರೇಷನ್ನಿನ ಕಾಗದ, ತಾಯಿ ಕಾರ್ಡ್ ಜೋಪಾನವಾಗಿಡು. ಮುಂದಿನದು ನಾರ್ಮಲ್ ಆಗಬಹುದೋ ಇಲ್ಲವೋ ಅಂತ ಆಗಿನ ಡಾಕ್ಟರು ಅದನ್ನು ನೋಡಿಯೇ ಹೇಳುವುದು.

ಅಂಟಿನ ಉಂಡೆ ಕಟ್ಟಿದ್ದೇನೆ. ಕೊಬ್ಬರಿ, ಉತ್ತತ್ತಿ, ಗೋಡಂಬಿ ಹಾಕಿ, ಅಂಟನ್ನು ತುಪ್ಪದಲ್ಲಿ ಅರಳಿಸಿ, ಬೆಲ್ಲ ಸ್ವಲ್ಪ ಕಡಿಮೆ ಮಾಡಿದ್ದೇನೆ. ನಾಳೆ ನಿನ್ನ ತಮ್ಮ ಕಾಲೇಜಿನಿಂದ ಊರಿಗೆ ಬರುವಾಗ ತರುತ್ತಾನೆ. ದಿನಕ್ಕೆ ಒಂದು, ಬೆಳಗ್ಗೆ, ಬಿಸಿ ಹಾಲಿನ ಜೊತೆ. ಡಬ್ಬಿ ಭಾರ ಇದೆ, ಬಾಗಿಲಿಗೆ ಬಂದು ನೀನು ಇಸಗೊಳ್ಳಬೇಡ. ಅವನೇ ಒಳಗೆ ತಂದು ಇಡಲಿ.

ಇಂತಿ ನಿನ್ನ
ದೊಡ್ಡವ್ವ