ಪಿಕಪ್‌ಗೆ ಡೀಸೆಲ್ಲೋ ಪೆಟ್ರೋಲೋ?

ಸಂಪಾದಕರೇ,

ಡೀಸೆಲ್ ಗಾಡಿ ಕಾಲ ಮುಗೀತು ಅಂತಾರೆ, ಆದ್ರೆ ಚಳ್ಳಕೆರೆ ಕಡೆಯಿಂದ ಈರುಳ್ಳಿ ಚೀಲ ತುಂಬ್ಕೊಂಡು ದಾವಣಗೆರೆ ಎಪಿಎಂಸಿಗೆ ಬರೋರನ್ನ ಕೇಳಿ ನೋಡ್ರಿ, ಇಂಜಿನ್ ನಿಧಾನಕ್ಕೆ ತಿರುಗ್ತಿದ್ರೂ, ಅಂದ್ರೆ ಕಮ್ಮಿ ಆರ್‌ಪಿಎಂನಲ್ಲೇ, ಎಳೆಯೋ ಶಕ್ತಿ (ಟಾರ್ಕ್) ಸಿಗೋದ್ರಿಂದ ಏರಲ್ಲಿ ಪದೇಪದೇ ಗೇರ್ ಇಳಿಸ್ಬೇಕಿಲ್ಲ, ಮೈಲೇಜೂ ಜಾಸ್ತಿ. ಹಂಗಂತ ಎಲ್ರಿಗೂ ಅದು ಹೊಂದಲ್ಲ. 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಗೆ ಮಿತಿ ಹಾಕೋ ಬಿಎಸ್6 ನಿಯಮ ಬಂದ್ಮೇಲೆ ಡೀಸೆಲ್ ಪಿಕಪ್‌ಗಳಿಗೆ ಹೊಗೇಲಿರೋ ಮಸಿನ ತಡೆದು ಹಿಡಿಯೋ ಡಿಪಿಎಫ್ ಫಿಲ್ಟರ್ ಬಂತು, ಅದು ಕಾದು ಮಸಿ ಸುಟ್ಕೊಳ್ಳೋಕೆ ಹೈವೇಲಿ ಒಂದಷ್ಟು ಹೊತ್ತು ಓಡ್ಲೇಬೇಕು, ಮಂಡಿಪೇಟೆ, ಪಿ.ಜೆ. ಬಡಾವಣೆ ಅಂತ ಅಂಗಡಿಗೊಂದ್ಸಲ ನಿಲ್ಸೋ ವಾಟರ್ ಕ್ಯಾನ್ ಗಾಡೀಲಿ ಅದೆಲ್ಲಿ ಆಗ್ಬೇಕು, ಫಿಲ್ಟರ್ ಕಟ್ಕೊಂಡು ಡ್ಯಾಶ್‌ಬೋರ್ಡಲ್ಲಿ ಲೈಟ್ ಹತ್ಕೊಳ್ಳುತ್ತೆ. ಅಂಥೋರಿಗೆ ಪೆಟ್ರೋಲು, ಇಲ್ಲಾ ಸಿಎನ್‌ಜಿನೇ ವಾಸಿ. ಮಾರೋರು ಇದನ್ನೆಲ್ಲ ಮೊದ್ಲೇ ಬಿಡ್ಸಿ ಹೇಳ್ಬೇಕು ಸ್ವಾಮಿ, ಬರೀ ಇಎಂಐ ಎಷ್ಟು ಅಂತಲ್ಲ.

– ಒಬ್ಬ ಓದುಗ, ದಾವಣಗೆರೆ