ನಾದಿನಿಗೆ, ಮತ್ತು ಎಲ್ಲರಿಗೂ

ಹೋದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಚಾಮುಂಡಿ ಬೆಟ್ಟದ ಕೊನೆಯ ಮೆಟ್ಟಿಲು ಹತ್ತಿದೆ. ಪಾದದಲ್ಲಿ ಕೈಮುಗಿದು ಹೊರಟಾಗ ಆರು ಗಂಟೆ. ಮೈಸೂರಿನಲ್ಲಿ ಈ ಸಾವಿರ ಮೆಟ್ಟಿಲನ್ನು ದಿನವೂ ಹತ್ತಿಳಿದು ಕೆಲಸಕ್ಕೆ ಹೋಗುವವರಿದ್ದಾರೆ. ನನಗೆ ನಾಲ್ಕು ಗಂಟೆ ಬೇಕಾಯಿತು. ಎಡಗಾಲಿನ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಬೇಸರಪಡದೆ ಕಲಿಸಿದ ಫಿಸಿಯೋಥೆರಪಿಸ್ಟ್‌ಗೆ, ಮೂರು ತಿಂಗಳು ಭಾನುವಾರದ ತಿಂಡಿಯ ಹೊಣೆ ಹೊತ್ತ ನಮ್ಮ ಯಜಮಾನರಿಗೆ, ಫೋನ್ ಮಾಡಿ ವಿಚಾರಿಸುತ್ತಲೇ ಇದ್ದ ಗೆಳತಿಯರಿಗೆ ನಾನು ಋಣಿ.

ಇನ್ನುಳಿದದ್ದೆಲ್ಲ ನನ್ನ ನಾದಿನಿಗೆ ಸಲ್ಲಬೇಕು.

ಪ್ರತಿ ಶನಿವಾರ ಸಂಜೆ ಅವಳು ಮಂಡ್ಯದಿಂದ ರೈಲು ಹಿಡಿದು ಬರುತ್ತಿದ್ದಳು. ಮೊದಲ ಭಾನುವಾರವನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಬೆಟ್ಟದ ಮೆಟ್ಟಿಲುಗಳಲ್ಲಿ ಕಡಿದಾದ ಭಾಗ ಇರುವುದು ಶುರುವಿನಲ್ಲೇ. ಉಸಿರಿಗೆಂದು ನಿಂತವಳು ಒಮ್ಮೆ ಹಿಂತಿರುಗಿ ನೋಡಿದೆ. ಕಾಲ ಕೆಳಗಿನ ಕಲ್ಲುಗಳೆಲ್ಲ ಜಾರಿ ಹೋಗುತ್ತಿರುವಂತೆ ಕಂಡಿತು. ಮಂಡಿ ನಡುಗತೊಡಗಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೊನೆಗೆ ಕುಳಿತುಕೊಂಡೇ ಒಂದೊಂದು ಮೆಟ್ಟಿಲು ಜರುಗುತ್ತ ಇಳಿದೆ. ಅಷ್ಟು ಹೊತ್ತೂ ನಾದಿನಿ ನನಗಿಂತ ಎರಡು ಮೆಟ್ಟಿಲು ಕೆಳಗೆ, ಇಳಿಜಾರು ನನ್ನ ಕಣ್ಣಿಗೆ ಬೀಳದ ಹಾಗೆ ಅಡ್ಡ ನಿಂತು, ಹಿಮ್ಮುಖವಾಗಿ ಇಳಿದಳು.

ಸಂಜೆಯ ರೈಲಿಗೆ ಹೊರಡಬೇಕಿದ್ದವಳು ಅಂದು ಉಳಿದುಕೊಂಡಳು. ರಾತ್ರಿ ಮಂಡಿ ಊದಿಕೊಂಡು ಕಾಲು ಮಡಚಲಾಗಲಿಲ್ಲ. ಅವಳು ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡಿ ಶಾಖ ಕೊಡುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಆಡಬಾರದ ಮಾತು ಆಡಿದೆ. "ನಿನ್ನ ಎರಡು ಕಾಲೂ ನೆಟ್ಟಗಿವೆ, ನನ್ನ ಕಷ್ಟ ನಿನಗೇನು ಗೊತ್ತು?" ಎಂದುಬಿಟ್ಟೆ. ಅವಳು ಎದ್ದು ಹೋದಳು. ಕತ್ತಲಲ್ಲಿ ಒಬ್ಬಳೇ ಮಲಗಿ, ನಲವತ್ತು ವರ್ಷಗಳಿಂದ ಯಾರ ಮುಂದೆಯೂ ಅಳದಿದ್ದ ಅಳುವನ್ನೆಲ್ಲ ಅತ್ತೆ. ಬಾಣಲೆಯ ಸದ್ದು ಕೇಳಿಸಿತು. ಗಂಟು ಮತ್ತೆ ಬಿಸಿ ಮಾಡಿಕೊಂಡು ಬಂದು ಅದೇ ಜಾಗದಲ್ಲಿ ಕುಳಿತಳು. ಏನೂ ಆಗದವರ ಹಾಗೆ, "ಅತ್ತಿಗೆ, ಇವತ್ತು ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿದ್ದೀರಿ. ನಾನು ಎಣಿಸಿದ್ದೇನೆ" ಎಂದಳು.

ಬೆಳಿಗ್ಗೆ ನೋಡಿದರೆ, ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಭಾನುವಾರದ ಮನೆಯಲ್ಲಿ ಪೆನ್ಸಿಲಿನಿಂದ 212 ಎಂದು ಬರೆದಿದ್ದಳು.

ಆಮೇಲೆ 240. ಮುಂದಿನ ವಾರ 190. ಅದನ್ನು ಅಳಿಸಲು ಹೋದ ನನ್ನ ಕೈ ಹಿಡಿದಳು. ಹೀಗೇ ಏಳುನೂರರ ಹತ್ತಿರ, ಒಂದೇ ಕಲ್ಲಿನ ಆ ದೊಡ್ಡ ನಂದಿಯ ಮುಂದೆ ನಿಂತ ದಿನ ಇಬ್ಬರಿಗೂ ಮಾತು ಬರಲಿಲ್ಲ. ಈ ಮೆಟ್ಟಿಲುಗಳನ್ನೂ ನಂದಿಯನ್ನೂ ಮಾಡಿಸಿದವರು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರು ಎಂದು ಶಾಲೆಯಲ್ಲಿ ಓದಿದ್ದೆ. ನಂದಿಯ ಕೊರಳಿನ ಗಂಟೆಯ ಸರವನ್ನು ಮೆಟ್ಟಿಲು ಹತ್ತಿ ಬಂದು ನೋಡಿದ್ದು ಅದೇ ಮೊದಲು.

ಕೊನೆಯ ದಿನ ಜೊತೆಗೆ ಸಿಕ್ಕಿದ ಒಬ್ಬ ಹಿರಿಯ ತಾಯಿಗೂ ನಮಸ್ಕಾರ ಹೇಳಬೇಕು. ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದರು. ಅವರ ನಡಿಗೆಯೂ ನನ್ನ ನಡಿಗೆಯೂ ಒಂದೇ ಆಗಿತ್ತು. ಅವರು ಆಗಷ್ಟೇ ಕುಂಕುಮವಿಟ್ಟ ಕಲ್ಲಿನ ಅಂಚು ನೋಡಿ ಕಾಲಿಡುತ್ತಿದ್ದೆ. ಹಿಂತಿರುಗಿ ನೋಡಬೇಕೆನಿಸಲಿಲ್ಲ. ಮೇಲೆ ತಲುಪಿದ ಮೇಲೆ ನಾದಿನಿ ನನ್ನ ಭುಜ ಹಿಡಿದು ತಿರುಗಿಸಿದಳು. ಬಿಸಿಲಲ್ಲಿ ಬೆಳ್ಳಗೆ ಲಲಿತ ಮಹಲ್, ಅದರಾಚೆ ಇಡೀ ಊರು.

ಆ ರಾತ್ರಿಯ ಮಾತಿಗೆ ನಾನು ಇದುವರೆಗೆ ಕ್ಷಮೆ ಕೇಳಿಲ್ಲ. ಎಲ್ಲರ ಎದುರು ಈಗ ಕೇಳುತ್ತಿದ್ದೇನೆ.

ಮೊನ್ನೆ ಬಸ್ಸಿನಲ್ಲಿ ಇಳಿದು ಬಂದೆವು. ಇಳಿಯುವಾಗ ಮೈಭಾರವೆಲ್ಲ ಬಾಗಿದ ಮಂಡಿಯ ಮೇಲೆ ಬೀಳುತ್ತದೆ, ಕಣ್ಣಿಗೆ ಆಳವೂ ಕಾಣುತ್ತದೆ. ಆ ಭಯ ಇನ್ನೂ ಹೋಗಿಲ್ಲ. ಮೇಲಿನಿಂದ ನಂದಿಯವರೆಗೆ ಇಳಿಯುವುದನ್ನು ಮೊದಲು ಕಲಿಯೋಣ ಎಂದು ನಾದಿನಿ ಹೇಳಿದ್ದಾಳೆ. ಶನಿವಾರ ಸಂಜೆಯ ರೈಲಿಗೆ ಬರುತ್ತಾಳೆ.